ಡಿಸ್ಚಾರ್ಜ್ ಆಯಿತು ಎಂದರೆ ಏನಾಯಿತು?

"ಡಿಸ್ಚಾರ್ಜ್ ಆಯ್ತಾ?" ಯಾರು ಕೇಳುತ್ತಿದ್ದಾರೆ ಎಂದು ತಿಳಿಯದೆ ಈ ಪ್ರಶ್ನೆಗೆ ಉತ್ತರ ಕೊಡಲಾಗದು. ನೆಂಟರು ಕೇಳಿದರೆ ಆಸ್ಪತ್ರೆಯಿಂದ ಮನೆಗೆ ಬಂದಿರಾ ಎಂದರ್ಥ. ವಕೀಲರ ಗುಮಾಸ್ತ ಕೇಳಿದರೆ ಕೋರ್ಟು ಆರೋಪಿಯನ್ನು ಕೇಸಿನಿಂದ ಕೈಬಿಟ್ಟಿತೇ ಎಂದರ್ಥ. ಡ್ರೆಸಿಂಗ್ ಬಿಚ್ಚುತ್ತಿರುವ ನರ್ಸ್ ಕೇಳುವುದು ಗಾಯ ಸೋರಿತೇ ಎಂದು. ಸಾಲ ಕೊಟ್ಟವರ ಬಾಯಲ್ಲಿ ಅದು ಬಾಕಿ ಚುಕ್ತಾ ಆದ ಮಾತು. ಈ ಪದ ನಮ್ಮ ಮಾತಿನಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ ಅದಕ್ಕೊಂದು ಅರ್ಥ ಕೇಳಬೇಕು ಅಂತಲೇ ಯಾರಿಗೂ ಅನಿಸುವುದಿಲ್ಲ. ಹಾಗೆ ಕೇಳದೆ ಸಹಿ ಹಾಕಿದವರು, ಕೇಳದೆ ಅನುವಾದ ಮಾಡಿದವರು, ಕೇಳದೆ ಮನೆಗೆ ಹೋದವರು ಆಮೇಲೆ ಪಡುವ ಪಾಡು ಚಿಕ್ಕದಲ್ಲ.

ಪದದ ಬೇರು ಗಾಡಿಯಲ್ಲಿದೆ. ಲ್ಯಾಟಿನ್ನಿನಲ್ಲಿ 'ಕಾರ್ರುಸ್' ಎಂದರೆ ಗಾಡಿ. ಅದರಿಂದ ಹೇರು ಹೇರುವುದಕ್ಕೆ ಒಂದು ಕ್ರಿಯಾಪದ, ಹೇರು ಇಳಿಸುವುದಕ್ಕೆ ಇನ್ನೊಂದು. ಅವು ಹಳೆಯ ಫ್ರೆಂಚನ್ನು ಹಾದು ಇಂಗ್ಲಿಷಿಗೆ ಬರುವಾಗ 'ಚಾರ್ಜ್' ಮತ್ತು 'ಡಿಸ್ಚಾರ್ಜ್' ಆದವು. ಕಾರು, ಕಾರ್ಗೋ ಎರಡೂ ಇದೇ ಮನೆತನದವು. ಹಾಗಾಗಿ ಚಾರ್ಜ್ ಎಂದರೆ ಹೊರೆ. ಬ್ಯಾಟರಿಗೆ ತುಂಬಿದ ವಿದ್ಯುತ್ತು, ಆರೋಪಿಯ ತಲೆಯ ಮೇಲಿನ ದೋಷಾರೋಪ, ಆಸ್ತಿಯ ಮೇಲಿನ ಸಾಲದ ಭಾರ, ವಾರ್ಡಿನ ಉಸ್ತುವಾರಿ, ಎಲ್ಲವೂ ಹೊರೆಯೇ. ಡಿಸ್ಚಾರ್ಜ್ ಎಂದರೆ ಹೊರೆ ಇಳಿಯಿತು ಎಂದು. ಆದರೆ ಇಳಿಸಿದ ಹೊರೆ ಎಲ್ಲಿಗೆ ಹೋಯಿತು ಎಂಬುದನ್ನು ಆ ಪದ ಹೇಳುವುದಿಲ್ಲ. ಕೆಲವು ಸಲ ಹೊರೆ ನಿಜವಾಗಿ ಕರಗಿಹೋಗಿರುತ್ತದೆ, ಕೆಲವು ಸಲ ಇನ್ನೊಬ್ಬರ ಹೆಗಲಿಗೆ ಬಿದ್ದಿರುತ್ತದೆ, ಇನ್ನು ಕೆಲವು ಸಲ ಗಾಡಿಯ ಪಕ್ಕದಲ್ಲೇ ಮತ್ತೆ ಹೇರುವುದಕ್ಕೆ ಕಾದಿರುತ್ತದೆ.

ಮೈಯಿಂದ ಶುರುಮಾಡೋಣ. ಮೈಯ ಯಾವ ಭಾಗದಿಂದ ಯಾವ ದ್ರವ ಬಂದರೂ ಇಂಗ್ಲಿಷಿಗೆ ಇದೊಂದೇ ಪದ ಸಾಕು. ಕನ್ನಡಕ್ಕೆ ಸಾಲದು. ಕಣ್ಣಿನಲ್ಲಿ ಗೀಜು ಕಟ್ಟುತ್ತದೆ, ಮೂಗಿನಿಂದ ಸಿಂಬಳ ಸುರಿಯುತ್ತದೆ, ಕಿವಿ ಸೋರುತ್ತದೆ, ಗಾಯದಿಂದ ರಸಿಗೆ ಒಸರುತ್ತದೆ, ಕುರು ಒಡೆದರೆ ಕೀವು ಬರುತ್ತದೆ, ಹೆಂಗಸರಿಗೆ ಬಿಳುಪು ಹೋಗುತ್ತದೆ. ಎಲ್ಲಿಂದ, ಎಂಥದು ಎಂಬುದೆಲ್ಲ ಈ ಪದಗಳ ಒಳಗೇ ಇದೆ. ಅವನ್ನು ಪಕ್ಕಕ್ಕಿಟ್ಟು ಮರ್ಯಾದೆಯ ಮಾತು ಎಂದು "ಡಿಸ್ಚಾರ್ಜ್ ಇದೆ ಡಾಕ್ಟ್ರೇ" ಎಂದಾಗ ವೈದ್ಯರು ಎಲ್ಲವನ್ನೂ ಮೊದಲಿಂದ ಕೇಳಬೇಕಾಗುತ್ತದೆ: ಯಾವ ಬಣ್ಣ, ತೆಳುವೋ ಗಟ್ಟಿಯೋ, ವಾಸನೆ ಇದೆಯೇ, ರಕ್ತ ಬೆರೆತಿದೆಯೇ, ಎಷ್ಟು ದಿನದಿಂದ.

ಈ ವಿವರಗಳಲ್ಲೇ ರೋಗನಿರ್ಣಯದ ಅರ್ಧ ಕೆಲಸ ಮುಗಿದಿರುತ್ತದೆ. ಬಿಳುಪು ಹೋಗುವುದನ್ನೇ ನೋಡಿ. ವಾಸನೆಯಿಲ್ಲದ, ತಿಳಿಯಾದ ಅಥವಾ ಹಾಲುಬಣ್ಣದ ಸ್ರಾವ ಆರೋಗ್ಯವಂತ ಹೆಂಗಸರಲ್ಲಿ ಸಹಜ. ಎರಡು ಮುಟ್ಟಿನ ನಡುವೆ ಅದು ಮೊಟ್ಟೆಯ ಬಿಳಿಭಾಗದ ಹಾಗೆ ಎಳೆಯಾಗಿ ಬರುವುದೂ ಸಹಜವೇ. ಒಡೆದ ಮೊಸರಿನಂತಿದ್ದು ತುರಿಕೆಯೂ ಇದ್ದರೆ ಶಿಲೀಂಧ್ರದ ಸೋಂಕಿನ ಅನುಮಾನ. ಬೂದುಬಣ್ಣಕ್ಕೆ ತೆಳ್ಳಗಿದ್ದು ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರಬಹುದು. ಹಸಿರು ಮಿಶ್ರಿತ ಹಳದಿ, ನೊರೆನೊರೆ ಎಂದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿಯ ಸೋಂಕು ನೆನಪಾಗಬೇಕು, ಆಗ ಸಂಗಾತಿಗೂ ಚಿಕಿತ್ಸೆ ಬೇಕು. ಮೂರಕ್ಕೂ ಒಂದೇ ಚಿಕಿತ್ಸೆ ನಡೆಯದು. "ಡಿಸ್ಚಾರ್ಜಿಗೆ ಮಾತ್ರೆ ಕೊಡಿ" ಎಂದು ಅಂಗಡಿಯಲ್ಲಿ ಕೇಳಿ ತಂದದ್ದು ಕೆಲಸ ಮಾಡದಿರುವುದು ಇದಕ್ಕೇ. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತದ ಕಲೆ ಕಂಡರೆ ಮಾತ್ರ ಅದು ಯಾವ ಬಗೆಯದು ಎಂದು ಯೋಚಿಸುತ್ತ ಕೂರಬಾರದು, ನೇರವಾಗಿ ಪರೀಕ್ಷೆಗೆ ಹೋಗಬೇಕು. ಒಂದೇ ಮೊಲೆತೊಟ್ಟಿನಿಂದ, ಹಿಂಡದೆ ತಾನಾಗಿ, ರಕ್ತಬಣ್ಣದ ದ್ರವ ಬಂದರೂ ಹಾಗೆಯೇ.

ಗಾಯದ ಕಡೆ ಬಂದರೆ, ಶಸ್ತ್ರಚಿಕಿತ್ಸೆಯ ನಂತರದ ಮೊದಲ ಒಂದೆರಡು ದಿನ ಬ್ಯಾಂಡೇಜಿನ ಮೇಲೆ ತುಸು ನಸುಗೆಂಪು ನೀರಿನ ಕಲೆ ಕಾಣುವುದು ದೊಡ್ಡ ವಿಷಯವಲ್ಲ. ದಿನ ಕಳೆದಂತೆ ಅದು ಕಡಿಮೆಯಾಗಬೇಕು. ಕಡಿಮೆಯಾಗುತ್ತಿದ್ದದ್ದು ಮತ್ತೆ ಹೆಚ್ಚಿ, ಗಟ್ಟಿಯಾಗಿ, ಸುತ್ತಲ ಚರ್ಮ ಕೆಂಪಾಗಿ ಬಿಸಿಯಾದರೆ ಸೋಂಕು. ಹೊಟ್ಟೆಯ ಆಪರೇಷನ್ ಆಗಿ 5ರಿಂದ 8ನೇ ದಿನದ ಸುಮಾರಿಗೆ ಹೊಲಿಗೆಯ ಮಧ್ಯದಿಂದ ನಸುಗೆಂಪು ನೀರು ಇದ್ದಕ್ಕಿದ್ದಂತೆ ಹೆಚ್ಚಾಗಿ ಹರಿದು ಬಟ್ಟೆ ತೊಯ್ದರೆ ಅದು ಬೇರೆಯೇ ಸೂಚನೆ: ಒಳಪದರದ ಹೊಲಿಗೆ ಬಿಟ್ಟಿರಬಹುದು. ನೋವು ಇಲ್ಲದಿದ್ದರೂ ರೋಗಿಯನ್ನು ಮಲಗಿಸಿ, ಗಾಯವನ್ನು ಸ್ಟೆರೈಲ್ ಸಲೈನಿನಲ್ಲಿ ಅದ್ದಿದ ಗಾಜ್‌ನಿಂದ ಮುಚ್ಚಿ, ಸರ್ಜನ್ನರನ್ನು ಕೂಡಲೇ ಕರೆಸಬೇಕು. ಇದನ್ನು ಫೋನಿನಲ್ಲಿ "ಸ್ವಲ್ಪ ಡಿಸ್ಚಾರ್ಜ್ ಇದೆ" ಎಂದು ಹೇಳಿದರೆ ಆ ಕಡೆಯಿಂದ "ನಾಳೆ ಬನ್ನಿ" ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ತಲೆಗೆ ಪೆಟ್ಟು ಬಿದ್ದವರ ಮೂಗು, ಕಿವಿಯಿಂದ ತಿಳಿನೀರು ತೊಟ್ಟಿಕ್ಕಿದರೂ ಅಷ್ಟೇ ಎಚ್ಚರ ಬೇಕು, ಅದು ಮಿದುಳಿನ ಸುತ್ತಲ ದ್ರವವಿರಬಹುದು. ರಕ್ತ ಬೆರೆತ ಹನಿ ಗಾಜ್ ಮೇಲೆ ಬಿದ್ದಾಗ ನಡುವೆ ಕೆಂಪು, ಸುತ್ತ ತಿಳಿಬಣ್ಣದ ಉಂಗುರ ಮೂಡುವುದನ್ನು ಗಮನಿಸುತ್ತಾರೆ. ಆದರೆ ಆ ಉಂಗುರ ಬರೀ ಸುಳಿವು, ಖಾತ್ರಿಯಾಗುವುದು ಆ ದ್ರವದಲ್ಲಿರುವ ಪ್ರೋಟೀನನ್ನು ಹುಡುಕುವ ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಯಲ್ಲಿ.

ಇದೇ ಪದ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ವರದಿಯಲ್ಲೂ ಇರುತ್ತದೆ. 'ಎಪಿಲೆಪ್ಟಿಫಾರ್ಮ್ ಡಿಸ್ಚಾರ್ಜಸ್' ಎಂದು ಓದಿ ಮಗುವಿನ ಮಿದುಳಿನಲ್ಲಿ ಕೀವಾಗಿದೆ ಎಂದು ಹೆದರುವ ತಂದೆತಾಯಿ ಇದ್ದಾರೆ. ಅಲ್ಲಿ ಸೋರುವುದು ಏನೂ ಇಲ್ಲ. ನರಕೋಶಗಳು ಒಟ್ಟಿಗೆ ಮಿಡಿದು ವಿದ್ಯುತ್ತನ್ನು ಚಿಮ್ಮಿಸುವುದಕ್ಕೆ ಆ ಹೆಸರು. ಮೂರ್ಛೆರೋಗವೆಂದರೆ ಮಿದುಳಿನ ಬೂದುಪದಾರ್ಥದ ಹಠಾತ್ತಾದ, ಅತಿಯಾದ ಡಿಸ್ಚಾರ್ಜ್ ಎಂದು ಬ್ರಿಟನ್ನಿನ ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 1873ರಲ್ಲೇ ಬರೆದರು, ಆ ಪದ ಅಲ್ಲೇ ನಿಂತಿತು. ಮಕ್ಕಳು ಕೆಲವು ಸೆಕೆಂಡು ಕಣ್ಣು ನೆಟ್ಟು ಸ್ತಬ್ಧರಾಗುವ ಆಬ್ಸೆನ್ಸ್ ಎಪಿಲೆಪ್ಸಿಯಲ್ಲಿ ಇದು ಸೆಕೆಂಡಿಗೆ ಸುಮಾರು 3 ಅಲೆಗಳಂತೆ ಕಾಗದದ ಮೇಲೆ ಅಚ್ಚುಕಟ್ಟಾಗಿ ಮೂಡುತ್ತದೆ. 'ವಿದ್ಯುತ್ ಚಿಮ್ಮು' ಎಂದು ಹೇಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವ ಡಿಸ್ಚಾರ್ಜ್. ಇದನ್ನು 'ಗುಣವಾಯಿತು' ಎಂದು ಓದುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಒಳರೋಗಿಯಾಗಿ ಇರಬೇಕಾದ ಅಗತ್ಯ ಮುಗಿಯಿತು ಎಂಬಷ್ಟೇ ಅದರ ಅರ್ಥ. ಇಲ್ಲಿ ಹೊರೆ ಕರಗುವುದಿಲ್ಲ, ಹೆಗಲು ಬದಲಾಗುತ್ತದೆ: ನರ್ಸುಗಳು ಗಡಿಯಾರ ನೋಡಿ ಕೊಡುತ್ತಿದ್ದ ಮಾತ್ರೆ, ಬದಲಿಸುತ್ತಿದ್ದ ಡ್ರೆಸಿಂಗ್, ಅಳೆಯುತ್ತಿದ್ದ ಬಿಪಿ ಎಲ್ಲ ಆ ಸಂಜೆಯಿಂದ ಮನೆಯವರದು. ಹಾಗೆ ಹೆಗಲು ಬದಲಿಸುವಾಗ ಕೊಡುವ ಪತ್ರವೇ ಡಿಸ್ಚಾರ್ಜ್ ಸಮ್ಮರಿ. ಬಿಲ್ಲಿನ ಅವಸರದಲ್ಲಿ ಅದನ್ನು ಮಡಚಿ ಫೈಲಿಗೆ ಸೇರಿಸಿಬಿಡುತ್ತಾರೆ. ಹೊರಡುವ ಮುಂಚೆ ವಾರ್ಡಿನಲ್ಲೇ ಕೂತು ಹತ್ತು ನಿಮಿಷ ಓದಬೇಕು. ರೋಗದ ಹೆಸರು, ಮಾಡಿದ ಚಿಕಿತ್ಸೆ, ಹೊರಡುವಾಗಿನ ಸ್ಥಿತಿ ಇವು ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಎಡವುವುದು ಬೇರೆ ಮೂರು ಕಡೆ.

ಮೊದಲನೆಯದು ಔಷಧಪಟ್ಟಿ. ಬಿಪಿಗೆ ಮನೆಯಲ್ಲಿ ಆಗಲೇ ಒಂದು ಬ್ರ್ಯಾಂಡಿನ ಮಾತ್ರೆ ನಡೆಯುತ್ತಿರುತ್ತದೆ. ಸಮ್ಮರಿಯಲ್ಲಿ ಇನ್ನೊಂದು ಬ್ರ್ಯಾಂಡ್ ಬರೆದಿರುತ್ತದೆ. ಎರಡರೊಳಗೂ ಇರುವುದು ಆಮ್ಲೊಡಿಪಿನ್ ಎಂಬ ಒಂದೇ ಔಷಧ. ರೋಗಿ ಎರಡನ್ನೂ ನುಂಗುತ್ತಾರೆ, ವಾರದೊಳಗೆ ತಲೆಸುತ್ತು, ಕಾಲು ಊತ. ಆದ್ದರಿಂದ ಹಳೆಯ ಸ್ಟ್ರಿಪ್‌ಗಳನ್ನು ಆಸ್ಪತ್ರೆಗೇ ತಂದು ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು, ಯಾವುದು ಹೊಸದು ಎಂದು ಒಂದೊಂದಾಗಿ ಬರೆಸಿಕೊಳ್ಳಬೇಕು. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 'ಒ.ಡಿ.' ಎಂಬ ಎರಡಕ್ಷರದ ಬಗ್ಗೆ ಮಾತ್ರ ಕೇಳಿ ತಿಳಿಯುವುದೇ ಮೇಲು. ಮಾತ್ರೆಯ ಮುಂದೆ ಅದು ದಿನಕ್ಕೊಮ್ಮೆ, ಕಣ್ಣಿನ ವೈದ್ಯರ ಚೀಟಿಯಲ್ಲಿ ಬಲಗಣ್ಣು, ತುರ್ತು ವಿಭಾಗದ ದಾಖಲೆಯಲ್ಲಿ ಅತಿಯಾದ ಡೋಸ್.

ಎರಡನೆಯದು ಇನ್ನೂ ಬಾರದ ವರದಿ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಸಾಮಾನ್ಯವಾಗಿ ಎರಡು ಮೂರು ದಿನ, ಬಯಾಪ್ಸಿಗೆ ಇನ್ನಷ್ಟು ದಿನ, ಕ್ಷಯದ ಕಲ್ಚರಿಗೆ ವಾರಗಟ್ಟಲೆ ಬೇಕು. ರೋಗಿ ಮನೆಗೆ ಹೋದ ಮೇಲೆ ಆ ವರದಿ ಬಂದು ಕಂಪ್ಯೂಟರಿನಲ್ಲಿ ಕೂತಿರುತ್ತದೆ. ವಾರ್ಡಿನವರ ಪಾಲಿಗೆ ರೋಗಿ ಹೋಗಿಯಾಯಿತು, ರೋಗಿಯ ಪಾಲಿಗೆ ಕಾಯಿಲೆ ಮುಗಿದಾಯಿತು. ಈ ಹೊರೆ ಮಾತ್ರ ಯಾರ ಹೆಗಲಿಗೂ ಸೇರದೆ ನಡುದಾರಿಯಲ್ಲಿ ಬಿದ್ದಿರುತ್ತದೆ. ಡಿಸ್ಚಾರ್ಜ್‌ನ ಅಪಾಯಗಳಲ್ಲಿ ನನಗೆ ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು ಇದೇ, ಏಕೆಂದರೆ ಇಲ್ಲಿ ಯಾರೂ ತಪ್ಪು ಮಾಡಿದಂತೆ ಕಾಣುವುದೇ ಇಲ್ಲ. "ಯಾವ ಯಾವ ರಿಪೋರ್ಟು ಬಾಕಿ ಇದೆ, ಯಾವತ್ತು ಬರುತ್ತದೆ, ಯಾರು ನೋಡಿ ಹೇಳುತ್ತಾರೆ" ಎಂದು ಕೇಳಿ, ಉತ್ತರವನ್ನು ಸಮ್ಮರಿಯ ಮೇಲೆಯೇ ಬರೆಸಿಕೊಳ್ಳಬೇಕು. ಮೂರನೆಯದು, ಏನಾದರೆ ತಿರುಗಿ ಬರಬೇಕು ಎಂಬ ಸಾಲು. "ತೊಂದರೆಯಾದರೆ ಬನ್ನಿ" ಎಂದಿದ್ದರೆ ಸಾಲದು, ಎಷ್ಟು ಜ್ವರ, ಎಂಥ ನೋವು ಎಂದು ಬಿಡಿಸಿ ಬರೆದಿರಬೇಕು.

ವೈದ್ಯರು ಬೇಡವೆಂದರೂ ಹೊರಡುವವರ ಕಾಗದದ ಮೇಲೆ 'ಲಾಮಾ' ಎಂದಿರುತ್ತದೆ, ವೈದ್ಯಕೀಯ ಸಲಹೆಗೆ ವಿರುದ್ಧವಾಗಿ ಹೋದವರು ಎಂದು. ಆ ಸಹಿಯಿಂದ ಎಲ್ಲ ಹೊಣೆಯೂ ಕಳಚಿತು ಎಂದು ಆಸ್ಪತ್ರೆಯವರೂ ರೋಗಿಯ ಕಡೆಯವರೂ ನಂಬಿರುತ್ತಾರೆ. ಹಾಗಿಲ್ಲ. ಅಪಾಯವನ್ನು ವಿವರಿಸಿದ್ದೆವು, ತಿಳಿದೇ ಹೊರಟರು ಎಂಬುದಕ್ಕೆ ಅದು ಪುರಾವೆ. ಅದಕ್ಕೂ ಮುಂಚಿನ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ನಡೆದಿದ್ದರೆ ಆ ಸಹಿ ಅದನ್ನು ಅಳಿಸುವುದಿಲ್ಲ. ಹಾಗೆ ಹೊರಟವರಿಗೂ ಸಮ್ಮರಿ, ಔಷಧದ ಚೀಟಿ ಕೊಡಬೇಕು.

ವೈದ್ಯಕೀಯದ ಡಿಸ್ಚಾರ್ಜೂ ಕಾನೂನಿನ ಡಿಸ್ಚಾರ್ಜೂ ಮುಖಾಮುಖಿಯಾಗುವುದು ವಿಮೆಯ ಕೌಂಟರಿನಲ್ಲಿ. ಭಾರತದಲ್ಲಿ ನಗದುರಹಿತ ಚಿಕಿತ್ಸೆಯಾದರೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಇದು ರೋಗಿಯ ಡಿಸ್ಚಾರ್ಜ್. ವಿಮೆಯ ಹಣ ಇತ್ಯರ್ಥವಾಗುವಾಗ ಸಹಿಗೆ ಬರುವ 'ಡಿಸ್ಚಾರ್ಜ್ ವೋಚರ್' ಬೇರೆ. ಅದರಲ್ಲಿ ಬಿಡುಗಡೆಯಾಗುವುದು ಕಂಪನಿ. 'ಪೂರ್ಣ ಮತ್ತು ಅಂತಿಮ' ಎಂಬ ಮಾತು ಅದರೊಳಗಿದ್ದರೆ, ಇನ್ನು ನಮಗೆ ಏನೂ ಬಾಕಿಯಿಲ್ಲ ಎಂದು ಬರೆದುಕೊಟ್ಟಂತೆ. ವಂಚನೆ, ಬಲವಂತ ಅಥವಾ ಅನುಚಿತ ಒತ್ತಡದಿಂದ ಹಾಕಿಸಿಕೊಂಡ ಸಹಿಯನ್ನು ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟು ಬೊಘಾರಾ ಪಾಲಿಫ್ಯಾಬ್ ಪ್ರಕರಣದಲ್ಲಿ ಹೇಳಿದೆ. ಆದರೆ ಒತ್ತಡವಿತ್ತೆಂದು ತೋರಿಸುವ ಹೊಣೆ ಸಹಿ ಹಾಕಿದವರದೇ. ಮೊತ್ತ ಒಪ್ಪಿಗೆಯಿಲ್ಲದಿದ್ದರೆ ಆಗಲೇ ಬರಹದಲ್ಲಿ ಆಕ್ಷೇಪ ದಾಖಲಿಸಿ, ಪ್ರತಿ ಇಟ್ಟುಕೊಳ್ಳಬೇಕು.

ಸಾಲದ ಲೋಕದಲ್ಲಿ 'ಯಾರು' ಎಂಬ ಪ್ರಶ್ನೆ ಇನ್ನೂ ತೀಕ್ಷ್ಣ. 1872ರ ಭಾರತೀಯ ಕರಾರು ಅಧಿನಿಯಮದ 134ನೇ ಕಲಮಿನ ಪ್ರಕಾರ, ಸಾಲ ಕೊಟ್ಟವನು ತಾನಾಗಿ ಸಾಲಗಾರನನ್ನು ಬಿಟ್ಟುಬಿಟ್ಟರೆ ಜಾಮೀನುದಾರನೂ ಬಿಡುಗಡೆಯಾಗುತ್ತಾನೆ. ಜಾಮೀನುದಾರನನ್ನು ಕೇಳದೆ ಕರಾರಿನ ಷರತ್ತು ಬದಲಿಸಿದರೆ, 133ನೇ ಕಲಮಿನಂತೆ, ಬದಲಾದ ನಂತರದ ವ್ಯವಹಾರಗಳಿಗೆ ಅವನು ಹೊಣೆಯಲ್ಲ. ಇದನ್ನು ಓದಿಕೊಂಡ ಎಷ್ಟೋ ಕಂಪನಿ ನಿರ್ದೇಶಕರು, ದಿವಾಳಿ ಪ್ರಕ್ರಿಯೆಯಲ್ಲಿ ಕಂಪನಿಯ ಸಾಲ ಕಡಿತಗೊಂಡರೆ ತಮ್ಮ ವೈಯಕ್ತಿಕ ಜಾಮೀನೂ ಹೋಯಿತು ಎಂದುಕೊಂಡಿದ್ದರು. 2021ರ ಮೇ 21ರಂದು ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅಲ್ಲಿ ಸಾಲಗಾರನನ್ನು ಬಿಟ್ಟದ್ದು ಕಾನೂನಿನ ಪ್ರಕ್ರಿಯೆ, ಸಾಲ ಕೊಟ್ಟವರ ಸ್ವಂತ ಇಚ್ಛೆಯಲ್ಲ, ಹಾಗಾಗಿ ಜಾಮೀನುದಾರನ ಹೊರೆ ತಾನಾಗಿ ಇಳಿಯುವುದಿಲ್ಲ. ಆಸ್ತಿ ಮಾರಿ ಸಾಲ ತೀರಿಸುವ ಅಮೆರಿಕದ ಚಾಪ್ಟರ್ 7 ದಿವಾಳಿಯಲ್ಲೂ ಇಂಥದೇ ಸೂಕ್ಷ್ಮವಿದೆ. ಅರ್ಜಿ ಹಾಕಿದ ಸುಮಾರು ನಾಲ್ಕು ತಿಂಗಳಿಗೆ ಸಿಗುವ ಡಿಸ್ಚಾರ್ಜ್ ಆದೇಶ ವ್ಯಕ್ತಿಯ ಮೇಲಿನ ಹೊಣೆಯನ್ನು ಅಳಿಸುತ್ತದೆ, ಮನೆಯ ಮೇಲಿನ ಅಡಮಾನವನ್ನು ಅಳಿಸುವುದಿಲ್ಲ. ಮಕ್ಕಳ ಜೀವನಾಂಶಕ್ಕಂತೂ ಡಿಸ್ಚಾರ್ಜೇ ಇಲ್ಲ.

ಕ್ರಿಮಿನಲ್ ಕೋರ್ಟಿಗೆ ಬಂದಾಗ ಪತ್ರಿಕೆಗಳೂ ಎಡವುತ್ತವೆ. 'ಖುಲಾಸೆ', 'ದೋಷಮುಕ್ತ', 'ಆರೋಪಮುಕ್ತ', 'ಬಿಡುಗಡೆ' ನಾಲ್ಕನ್ನೂ ಒಂದೇ ಎಂಬಂತೆ ಬಳಸುತ್ತಾರೆ, ಜಾಮೀನಿಗೂ 'ಬಿಡುಗಡೆ' ಎಂದೇ ಬರೆಯುತ್ತಾರೆ. ಭಾರತದಲ್ಲಿ ಡಿಸ್ಚಾರ್ಜ್ ಎಂದರೆ ದೋಷಾರೋಪ ಹೊರಿಸುವ ಮುಂಚೆಯೇ ಕೈಬಿಡುವುದು. ಹೇರು ಇನ್ನೂ ಗಾಡಿಗೆ ಏರಿಯೇ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಸೆಷನ್ಸ್ ನ್ಯಾಯಾಲಯ ನಡೆಸುವ ಗಂಭೀರ ಪ್ರಕರಣಕ್ಕೆ 250ನೇ ಕಲಮು, ಪೊಲೀಸ್ ವರದಿಯ ಮೇಲೆ ಮ್ಯಾಜಿಸ್ಟ್ರೇಟರು ನಡೆಸುವ ವಾರಂಟ್ ಪ್ರಕರಣಕ್ಕೆ (ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧ) 262ನೇ ಕಲಮು. ಹಳೆಯ ಸಂಹಿತೆಯಲ್ಲಿ ಇವೇ 227 ಮತ್ತು 239. ಹೊಸದರಲ್ಲಿ ಅರ್ಜಿ ಹಾಕಲು 60 ದಿನದ ಗಡುವಿದೆ. ಸೆಷನ್ಸ್‌ನಲ್ಲಿ ಅದು ಪ್ರಕರಣ ಆ ನ್ಯಾಯಾಲಯಕ್ಕೆ ಒಪ್ಪಿಸಿದ ದಿನದಿಂದ, ವಾರಂಟ್ ಪ್ರಕರಣದಲ್ಲಿ ದಾಖಲೆಗಳ ಪ್ರತಿ ಕೈಸೇರಿದ ದಿನದಿಂದ. ಪ್ರತಿ ಪಡೆದು "ಆಮೇಲೆ ನೋಡೋಣ" ಎಂದು ಕೂತರೆ ಗಡುವು ಕಳೆದಿರುತ್ತದೆ.

ಈ ಹಂತದಲ್ಲಿ ನ್ಯಾಯಾಧೀಶರು ನೋಡುವುದು ಪ್ರಾಸಿಕ್ಯೂಷನ್ ತಂದಿಟ್ಟ ಕಾಗದಗಳನ್ನು ಮಾತ್ರ. ಘಟನೆಯ ದಿನ ತಾನು ಬೇರೆ ಊರಿನಲ್ಲಿದ್ದೆ ಎಂಬ ಟಿಕೆಟ್ಟು, ಫೋಟೊಗಳನ್ನು ಆರೋಪಿ ಅರ್ಜಿಗೆ ಲಗತ್ತಿಸಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಅವು ವಿಚಾರಣೆಯಲ್ಲಿ ಬರಬೇಕಾದವು ಎಂದು ಸುಪ್ರೀಂ ಕೋರ್ಟಿನ ದೇಬೇಂದ್ರನಾಥ್ ಪಾಢಿ ತೀರ್ಪು ಹೇಳುತ್ತದೆ. ಪ್ರಾಸಿಕ್ಯೂಷನ್ನಿನ ಕಾಗದಗಳನ್ನು ಇದ್ದಂತೆಯೇ ನಂಬಿದರೂ ಅಪರಾಧದ ಅಂಶಗಳು ಮೂಡುವುದಿಲ್ಲ, ಬರೀ ಅನುಮಾನವಿದೆಯೇ ಹೊರತು ಬಲವಾದ ಅನುಮಾನವಿಲ್ಲ ಎಂದು ತೋರಿಸುವುದೇ ವಾದದ ತಿರುಳು. 1979ರ ಪ್ರಫುಲ್ಲ ಕುಮಾರ್ ಸಮಲ್ ತೀರ್ಪು ಇದಕ್ಕೆ ಇಂದಿಗೂ ಅಳತೆಗೋಲು. ಗೆದ್ದರೂ ಇದು ಖುಲಾಸೆಯಲ್ಲ. ಸಾಕ್ಷಿ ವಿಚಾರಣೆ ನಡೆದು ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಒಳಪಡಿಸುವಂತಿಲ್ಲ. ಡಿಸ್ಚಾರ್ಜ್‌ಗೆ ಆ ರಕ್ಷಣೆಯಿಲ್ಲ, ಅದು ಖುಲಾಸೆಯಲ್ಲ ಎಂದು ಸಂಹಿತೆಯ 337ನೇ ಕಲಮಿನ ವಿವರಣೆಯೇ ಹೇಳುತ್ತದೆ. ಹೊಸ ಸಾಕ್ಷ್ಯ ಸಿಕ್ಕರೆ ಪ್ರಕರಣ ತಿರುಗಿ ಬರಬಹುದು.

ಇಂಗ್ಲೆಂಡಿನಲ್ಲಿ ಮಾತು ತಿರುವುಮುರುವು. ಅಲ್ಲಿ 'ಆಬ್ಸಲ್ಯೂಟ್ ಡಿಸ್ಚಾರ್ಜ್' ಸಿಗುವುದು ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆ. ಅಪರಾಧ ನಿಜ, ಶಿಕ್ಷೆ ಬೇಡ ಎಂದು. 'ಕಂಡಿಷನಲ್ ಡಿಸ್ಚಾರ್ಜ್' ಆದರೆ ಗರಿಷ್ಠ 3 ವರ್ಷದ ಅವಧಿಯೊಳಗೆ ಇನ್ನೊಂದು ಅಪರಾಧ ಮಾಡಿದರೆ ಹಳೆಯದಕ್ಕೂ ಶಿಕ್ಷೆ ಕೊಡಬಹುದು. 2025ರ ಜನವರಿ 10ರಂದು ನ್ಯೂಯಾರ್ಕಿನ ನ್ಯಾಯಾಲಯ ಡೊನಾಲ್ಡ್ ಟ್ರಂಪ್ ಅವರಿಗೆ ಕೊಟ್ಟದ್ದು ಇದೇ ಜಾತಿಯ 'ಅನ್‌ಕಂಡಿಷನಲ್ ಡಿಸ್ಚಾರ್ಜ್'. ಜೈಲಿಲ್ಲ, ದಂಡವಿಲ್ಲ, ಆದರೆ 34 ಆರೋಪಗಳಲ್ಲಿ ದೋಷಿ ಎಂಬ ತೀರ್ಮಾನ ಆ ಆದೇಶದಿಂದ ಅಳಿಯಲಿಲ್ಲ. ಇದನ್ನು 'ಆರೋಪಮುಕ್ತ' ಎಂದು ಕನ್ನಡಕ್ಕೆ ತಂದರೆ ಸುದ್ದಿಯೇ ಸುಳ್ಳಾಗುತ್ತದೆ. 'ಶಿಕ್ಷೆಯಿಲ್ಲದೆ ಬಿಟ್ಟಿತು' ಎನ್ನಬೇಕು.

ಆಸ್ಪತ್ರೆ ಮತ್ತು ಕೋರ್ಟು ಒಂದೇ ಕಾಗದದಲ್ಲಿ ಸೇರುವುದು ಮಾನಸಿಕ ಆರೋಗ್ಯದ ಕಾನೂನಿನಲ್ಲಿ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ತಾನಾಗಿ ದಾಖಲಾದ ವಯಸ್ಕ ರೋಗಿ ಕೇಳಿದ ಕೂಡಲೇ ಡಿಸ್ಚಾರ್ಜ್ ಮಾಡಬೇಕು. ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವಂಥ ನಿರ್ದಿಷ್ಟ ಸನ್ನಿವೇಶದಲ್ಲಿ ಮಾತ್ರ, ಮೌಲ್ಯಮಾಪನಕ್ಕಾಗಿ 24 ಗಂಟೆ ತಡೆಹಿಡಿಯಬಹುದು. ಇಂಗ್ಲೆಂಡಿನಲ್ಲಿ ಅಪರಾಧದ ಹಿನ್ನೆಲೆಯಲ್ಲಿ ಆಸ್ಪತ್ರೆ ಸೇರಿದ ನಿರ್ಬಂಧಿತ ರೋಗಿಗೆ ಷರತ್ತಿನ ಡಿಸ್ಚಾರ್ಜ್ ಸಿಕ್ಕರೆ, ಮನೆಯಲ್ಲಿದ್ದರೂ ಸರ್ಕಾರದ ಸಚಿವರು ಅವರನ್ನು ಮತ್ತೆ ಆಸ್ಪತ್ರೆಗೆ ಕರೆಸಿಕೊಳ್ಳಬಹುದು.

ಇಷ್ಟೆಲ್ಲದರ ನಡುವೆ ಒಂದು ಪ್ರಯೋಗ ತಲೆಕೆಳಗು. 'ಕರ್ತವ್ಯದಿಂದ ಡಿಸ್ಚಾರ್ಜ್' ಎಂದರೆ ಕೆಲಸದಿಂದ ಬಿಡುಗಡೆ. 'ಕರ್ತವ್ಯದ ಡಿಸ್ಚಾರ್ಜ್' ಎಂದರೆ ಆ ಕೆಲಸವನ್ನು ಮಾಡುವುದು. ಸರ್ಕಾರಿ ನೌಕರರ ಮೇಲೆ ಪ್ರಕರಣ ನಡೆಸಲು ಅನುಮತಿ ಬೇಕೆನ್ನುವ ಕಲಮಿನಲ್ಲಿ ಬರುವುದು ಎರಡನೆಯ ಅರ್ಥ, ಕರ್ತವ್ಯ ನಿರ್ವಹಣೆ. ರುಜುವಾತಿನ ಹೊಣೆಯನ್ನು ಡಿಸ್ಚಾರ್ಜ್ ಮಾಡುವುದೆಂದರೂ ಅಷ್ಟೇ. ಹೊಣೆ ತಪ್ಪಿಸಿಕೊಳ್ಳುವುದಲ್ಲ, ಸಾಬೀತುಮಾಡಿ ಹೊಣೆ ತೀರಿಸುವುದು. ಅನುವಾದಕರು ಈ ಜಾಗದಲ್ಲಿ ಒಂದು ವಿಭಕ್ತಿ ತಪ್ಪಿದರೆ ಅರ್ಥ ಪೂರ್ತಿ ಉಲ್ಟಾ ಆಗುತ್ತದೆ.

ವೈದ್ಯಕೀಯ ನಿರ್ಲಕ್ಷ್ಯದ ದೂರಿನಲ್ಲಿ ಈ ಅರ್ಥಗಳೆಲ್ಲ ಒಂದೇ ಪುಟಕ್ಕೆ ಬರುತ್ತವೆ. ಆಸ್ಪತ್ರೆಯ ದಾಖಲೆಯಲ್ಲಿ 'ಡಿಸ್ಚಾರ್ಜ್ ಆಗುವಾಗ ಗಾಯದಲ್ಲಿ ಡಿಸ್ಚಾರ್ಜ್ ಇತ್ತು' ಎಂಬ ಅರ್ಧ ಸಾಲು. ವೈದ್ಯರು ಕರ್ತವ್ಯ ಡಿಸ್ಚಾರ್ಜ್ ಮಾಡಿದ್ದಾರೆ ಎಂಬುದು ಆಸ್ಪತ್ರೆಯ ವಾದ. ದೂರುದಾರರು ರುಜುವಾತಿನ ಹೊಣೆಯನ್ನು ಡಿಸ್ಚಾರ್ಜ್ ಮಾಡಿದರೇ ಎಂಬುದು ದೂರು ಕೇಳುವ ಗ್ರಾಹಕ ಆಯೋಗದ ಪ್ರಶ್ನೆ. ಇಂಗ್ಲಿಷಿನಲ್ಲಿ ನಾಲ್ಕೂ ಕಡೆ ಅದೇ ಪದ ಬಂದು ಕಣ್ಣು ಜಾರಿಹೋಗುತ್ತದೆ. ಕನ್ನಡದಲ್ಲಿ ಬರೆಯುವವರು ನಾಲ್ಕು ಕಡೆ ನಾಲ್ಕು ಮಾತು ಹುಡುಕಲೇಬೇಕು: ಗಾಯದಿಂದ ಇನ್ನೂ ಕೀವು ಬರುತ್ತಿರುವಾಗಲೇ ರೋಗಿಯನ್ನು ಮನೆಗೆ ಕಳಿಸಲಾಗಿದೆ. ಕಳಿಸುವಾಗ ವೈದ್ಯರು ಮಾಡಬೇಕಾದದ್ದನ್ನು ಮಾಡಿದ್ದರೇ? ಮಾಡಿರಲಿಲ್ಲ ಎಂದು ದೂರುದಾರರು ತೋರಿಸಿಕೊಟ್ಟರೇ? ಹಾಗೆ ಬರೆದ ಮೇಲೆ, ಆ ಕೀವನ್ನು ಕಲ್ಚರಿಗೆ ಕಳಿಸಿದ್ದರೋ ಇಲ್ಲವೋ, ವರದಿ ಯಾವ ದಿನ ಬಂತು, ಬಂದದ್ದನ್ನು ಯಾರು ನೋಡಿದರು ಎಂದು ಕಡತ ತಿರುವುವುದಷ್ಟೇ ಉಳಿಯುತ್ತದೆ.